ಕತೆಯ ಮಹಬೂಬನಿಗೆ ಮೊದಲು ಒಂದು ಕೆಲಸ ಕೊಟ್ಟೆ

ಮನೆಯಲ್ಲಿ ದಖನಿ ಉರ್ದು, ಓದಿದ್ದು ಕನ್ನಡ ಮಾಧ್ಯಮ, ಬರೆಯುವುದೂ ಕನ್ನಡದಲ್ಲೇ. ಕಲಬುರಗಿಯಲ್ಲಿ ಇದು ಯಾರಿಗೂ ವಿಶೇಷ ಅನಿಸುವುದಿಲ್ಲ. ಬೆಂಗಳೂರಿಗೆ ಹೋದಾಗ ಮಾತ್ರ "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ" ಅಂತ ಹೊಗಳುತ್ತಾರೆ! 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ "ನೀವೂ ಅಂಥವೇ ಬರೀತೀರೇನ್ರೀ?" ಅನ್ನುವ ಪ್ರಶ್ನೆಯೂ ಸೇರಿಕೊಂಡಿದೆ. ಅವರ ಹಾಸನ ಬೇರೆ, ನಮ್ಮ ಕಡೆಯದು ಬೇರೆ. ಸಾರಾ ಅಬೂಬಕ್ಕರ್, ಬೊಳುವಾರು, ಕಟ್ಪಾಡಿ ಅವರ ಬರಹದಿಂದ ಓದುಗರಿಗೆ ಕರಾವಳಿಯ ಮುಸ್ಲಿಂ ಮನೆಗಳ ಪರಿಚಯವಾಯಿತು. ತೊಗರಿ ಹೊಲ, ದರ್ಗಾ, ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ, ನಿಜಾಮನ ಕಾಲದ ನೆನಪು ಇರುವ ನಮ್ಮ ಮನೆಗಳ ಕತೆ ಇನ್ನೂ ಬರೆಯುವುದು ಬಾಕಿ ಇದೆ.

ಸಿನಿಮಾದಲ್ಲಿ ನಮ್ಮವರು ಸಾಮಾನ್ಯವಾಗಿ ಮೆಕ್ಯಾನಿಕ್, ಡಾನ್, ಇಲ್ಲವೇ ನಾಯಕನಿಗಾಗಿ ಜೀವ ಕೊಡುವ ಗೆಳೆಯ. ಅದಕ್ಕೇ ನಾನು ಕತೆ ಶುರು ಮಾಡುವಾಗ ಪಾತ್ರದ ಧರ್ಮದ ಗೊಡವೆಗೆ ಹೋಗುವುದಿಲ್ಲ. ಮಹಬೂಬ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಒಂದು ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ಮುನೀಮ. ತೊಗರಿ ದರ ಬಿದ್ದರೆ ಅವನಿಗೇನು ತೊಂದರೆ, ಮಗಳ ಫೀಸಿಗೆ ಯಾರ ಹತ್ತಿರ ಕೈ ಚಾಚುತ್ತಾನೆ, ಇಷ್ಟನ್ನೇ ಮೊದಲು ಬರೆಯುತ್ತೇನೆ. ನಮಾಜು ಆಮೇಲೆ ತಾನಾಗಿ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಅವನು ಎದ್ದು ಹೋದಾಗ ತೂಕದ ಲೆಕ್ಕ ಹಿಡಿಯುವವರು ಯಾರು? ಆ ಒಂದು ತಾಸಿನಲ್ಲೇ ಕತೆ ಸಿಕ್ಕಿದ್ದೂ ಉಂಟು.

ಮಾತಿನ ವಿಷಯದಲ್ಲಿ ನಾನು ಹಟಮಾರಿ. ತೆರೆಯ ಮೇಲಿನ ಸಾಬರು ತೊದಲು ಕನ್ನಡ ಆಡಿ ನಗಿಸುತ್ತಾರೆ. ನಮ್ಮ ಗಂಜಿನಲ್ಲಿ ಎಷ್ಟೋ ಸಲ ಉಲ್ಟಾ. ಲಿಂಗಾಯತ ಸಾವ್ಕಾರರು "ಕ್ಯಾ ಮಿಯಾಂ, ಆಜ್ ಭೀ ನಕ್ಕೋ ಬೋಲ್ರೇ ಕ್ಯಾ?" ಅಂದರೆ, ಮಹಬೂಬ "ಹಂಗಲ್ರೀ ಸಾವ್ಕಾರ್ರ, ಚೀಲ ಇನ್ನಾ ಹಸಿ ಅವ" ಅನ್ನುತ್ತಾನೆ. ದಖನಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಅಡಿಟಿಪ್ಪಣಿ ಹಾಕುವುದಿಲ್ಲ. ಓದುಗರು ಅಷ್ಟು ಊಹಿಸಿಕೊಳ್ಳಲಿ.

ಬರೆಯುವ ಮೇಜಿನ ಮೇಲೆ ಎರಡು ಕ್ಯಾಲೆಂಡರ್ ಇರಲೇಬೇಕು. ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2019ರಲ್ಲಿ ಮೇ ತಿಂಗಳ ಸುಡುಬಿಸಿಲಿನಲ್ಲಿ ರೋಜಾ ಇದ್ದವು, 2025ರಲ್ಲಿ ಮಾರ್ಚಿನಲ್ಲಿ. ನೀರು ಮುಟ್ಟದೆ ಮೇ ಬಿಸಿಲಿನಲ್ಲಿ ಚೀಲ ಹೊರುವ ಹಮಾಲಿಯ ಕತೆಯನ್ನು ಬೇರೆ ವರ್ಷಕ್ಕೆ ಎತ್ತಿಟ್ಟರೆ ಅದರ ಜೀವವೇ ಹೋಗುತ್ತದೆ. ಬೀದರಿನ ಅಷ್ಟೂರಿನ ಲೆಕ್ಕ ಬೇರೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಜಾತ್ರೆ ಅಲ್ಲಿ ಹಿಂದೂ ಪಂಚಾಂಗದ ಪ್ರಕಾರ, ಹೋಳಿ ಆದ ಮೇಲೆ ನಡೆಯುತ್ತದೆ. ಲಿಂಗಾಯತರು ಅವನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ.

ಇಂಥ ಜಾಗ ಸಿಕ್ಕಿದರೆ "ಭಾವೈಕ್ಯ" ಅಂತ ಭಾಷಣ ಬರೆಯುವ ಆಸೆ ಆಗುತ್ತದೆ. ನಾನು ಆ ಕಡೆ ಹೋಗುವುದಿಲ್ಲ. ಜಾತ್ರೆಗೆ ಬಂದವರಲ್ಲಿ ಒಬ್ಬರಿಗೆ ಹರಕೆ, ಇನ್ನೊಬ್ಬರಿಗೆ ಬೆಂಡು-ಬತ್ತಾಸಿನ ಅಂಗಡಿ, ಮತ್ತೊಬ್ಬರಿಗೆ ಬೀಗರ ಜೊತೆಗಿನ ಹಳೇ ಜಗಳ. ಅದನ್ನು ಬರೆದರೆ ಸಾಕು. ನನಗೆ ಇನ್ನೂ ಮುಖ್ಯ ಅನಿಸುವುದು ನಮ್ಮ ಮನೆಗಳ ಒಳಗಿನ ತಕರಾರು. ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ನಡೆಯುವ ನನ್ನ ಒಂದು ಕತೆಯಲ್ಲಿ, ಹೈದರಾಬಾದಿನಿಂದ ಬಂದ ಮಗ "ಅಲಾಯಿ ಕುಣಿ, ಪೀರು, ಇದೆಲ್ಲ ದೀನ್ ಅಲ್ಲ ಅಮ್ಮಿ" ಅನ್ನುತ್ತಾನೆ, ಅವನ ಕಣ್ಣಿಗೆ ಇದು ಧರ್ಮವೇ ಅಲ್ಲ. ಅಮ್ಮಿ ಉತ್ತರ ಕೊಡುವುದಿಲ್ಲ. ಪಕ್ಕದ ಮನೆಯ ಮಲ್ಲಮ್ಮ ಕರ್ಬಲಾ ಯುದ್ಧದ ಕತೆ ಹೇಳುವ ಮೊಹರಂ ಹಾಡು, ರಿವಾಯತ್ ಪದವನ್ನು ಕನ್ನಡದಲ್ಲಿ ಹಾಡುತ್ತಿದ್ದಾಳೆ, ಅಮ್ಮಿ ಅಲ್ಲಿಗೇ ಹೊರಡುತ್ತಾಳೆ. ಮಗನನ್ನು ಖಳ ಮಾಡದೆ ಬರೆಯುವುದೇ ಕಷ್ಟವಾಗಿತ್ತು, ಯಾಕೆಂದರೆ ಅವನ ಕೈಯಲ್ಲೂ ಕಿತಾಬು ಇದೆ, ವಾದ ಇದೆ.

ಕರಡು ಮುಗಿದ ಮೇಲೆ ಖಾಲಾಗೆ, ಅಂದರೆ ನನ್ನ ತಾಯಿಯ ಸೋದರಿಗೆ, ಓದಿ ಹೇಳುತ್ತೇನೆ. ಅವರಿಗೆ ಕನ್ನಡ ಓದಲು ಬಾರದು, ಕೇಳಿದರೆ ಪೂರಾ ತಿಳಿಯುತ್ತದೆ. ಈ ಕತೆ ಕೇಳಿ "ನಿನ್ನ ಅಮ್ಮಿ ಒಮ್ಮೆನೂ ನಗಲ್ಲಲ್ಲೇ?" ಅಂದರು. ಮದುವೆ ಮನೆಯಲ್ಲಿ ಹೆಂಗಸರು ಢೋಲಕ್ ಬಾರಿಸುತ್ತಾ ಬೀಗರನ್ನು ಗೇಲಿ ಮಾಡುವ ಒಂದು ದೃಶ್ಯ ಸೇರಿಸಿದೆ. ಅಚ್ಚು ಹಾಕಿದ ಪತ್ರಿಕೆಯವರು "ಇದರಿಂದ ನೋವಿನ ತೀವ್ರತೆ ಕಡಿಮೆಯಾಗುತ್ತೆ" ಅಂತ ಅದನ್ನು ಕತ್ತರಿಸಿದರು. ಮುಸ್ಲಿಂ ಹೆಂಗಸು ಅಂದರೆ ಅಳುತ್ತಲೇ ಇರಬೇಕು ಅಂದುಕೊಂಡಿದ್ದರೋ ಏನೋ. ಸಂಕಲನದಲ್ಲಿ ಆ ದೃಶ್ಯವನ್ನು ವಾಪಸ್ ಹಾಕುತ್ತಿದ್ದೇನೆ, ಗೇಲಿಯ ಹಾಡು ಎರಡು ಸಾಲು ಜಾಸ್ತಿಯೇ ಇರುತ್ತದೆ.