ಹೊಸ ಕಾರಿನ ಬಿಲ್‌ನಲ್ಲಿ ಯಾವುದು ಬೇಕು, ಯಾವುದು ಬೇಡ?

ಬುಕಿಂಗ್ ದುಡ್ಡು ಕೊಡುವ ಮೊದಲೇ ಆನ್‌ರೋಡ್ ಬೆಲೆಯನ್ನು (ಎಲ್ಲ ಖರ್ಚು ಸೇರಿ ಕೈಗೆ ಬರುವ ಬೆಲೆ) ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಎಕ್ಸ್‌ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ, ಇನ್ಶೂರೆನ್ಸ್, ಫಾಸ್ಟ್ಯಾಗ್ ಬೇಕೇ ಬೇಕು. ಬೆಲೆ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಬರುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಉಳಿದದ್ದೆಲ್ಲ ಚೌಕಾಸಿ ಮಾಡುವಂಥದ್ದೇ. ‘ಹ್ಯಾಂಡ್ಲಿಂಗ್ ಚಾರ್ಜ್’ (ಗಾಡಿ ತಂದು ಇಟ್ಟಿದ್ದಕ್ಕೆ ಅಂತ ಡೀಲರ್ ಹಾಕುವ ಶುಲ್ಕ) ಅಂತ ಕಂಡರೆ ತೆಗೆಸಿ.

ಜಾಸ್ತಿ ದುಡ್ಡು ಉಳಿಯುವುದು ಇನ್ಶೂರೆನ್ಸ್‌ನಲ್ಲಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ) ಇನ್ಶೂರೆನ್ಸ್ ಕಡ್ಡಾಯ, ಅದರ ದರ ಸರ್ಕಾರವೇ ನಿಗದಿ ಮಾಡಿದ್ದು. ಆದರೆ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆದ ಹಾನಿ) ಭಾಗದ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಅದೇ ಐಡಿವಿ (ಇನ್ಶೂರೆನ್ಸ್‌ಗೆ ಲೆಕ್ಕ ಹಿಡಿದ ಗಾಡಿಯ ಬೆಲೆ), ಅದೇ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೈಮ್ ಕೊಡುವ ಸೌಲಭ್ಯ) ಇಟ್ಟು ಹೊರಗಿನ ಎರಡು ಮೂರು ಕೋಟ್ ತಂದು ಮುಂದಿಡಿ. ‘ಇಲ್ಲೇ ಮಾಡಿಸಬೇಕು ಸಾರ್’ ಅಂತ ಡೀಲರ್ ಅಂದರೆ ಒಪ್ಪಬೇಡಿ, ಎಲ್ಲಿ ಮಾಡಿಸಬೇಕು ಅನ್ನುವುದು ನಿಮ್ಮ ಹಕ್ಕು.

ಟೆಫ್ಲಾನ್ ಕೋಟಿಂಗ್ (ಬಣ್ಣದ ಮೇಲೆ ಬಳಿಯುವ ರಕ್ಷಣಾ ಪದರ) ಸುಮ್ನೆ ಖರ್ಚು ಅಂತಲೇ ನನ್ನ ಅಭಿಪ್ರಾಯ. ಸೀಟ್ ಕವರ್, ಮ್ಯಾಟ್ ಹೊರಗಿನ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಹೋಲಿಸಿ ನೋಡಿ. ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ ಯೋಚಿಸುವಂಥದ್ದು, ಅದರಲ್ಲೂ ಆಟೊಮ್ಯಾಟಿಕ್ ಅಥವಾ ಟರ್ಬೊ ಗಾಡಿ ಆದರೆ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಅವಸರ ಬೇಡ. ರಿಯಾಯಿತಿ ಕೊಡಲ್ಲ ಅಂದರೆ ಮ್ಯಾಟ್, ಮಡ್‌ಫ್ಲ್ಯಾಪ್ ಫ್ರೀ ಕೇಳಿ, ಒಪ್ಪಿದ್ದನ್ನು ಬುಕಿಂಗ್ ಫಾರ್ಮ್‌ನಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.