ಪದವಿ ಓದುತ್ತಲೇ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್: ಸೇರುವುದು ಹೇಗೆ, ಕಲಿಯುವುದು ಏನು?

ನರಸಾಪುರ, ದೇವನಹಳ್ಳಿ, ಮೈಸೂರಿನ ಕಡೆ ಫೋನ್ ಜೋಡಿಸುವ, ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕಾರ್ಖಾನೆಗಳಿವೆ. ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದುವವರು ಇಂಥ ಕಡೆ ಕೆಲವು ಸೆಮಿಸ್ಟರ್ ತರಬೇತಿ ಪಡೆದು, ಸ್ಟೈಪೆಂಡನ್ನೂ ಪದವಿಗೆ ಬೇಕಾದ ಕ್ರೆಡಿಟ್ಟನ್ನೂ ಒಟ್ಟಿಗೇ ಗಳಿಸಲು ಈಗ ದಾರಿಯಿದೆ. ಆದರೆ ಕಂಪನಿಯ ಹೆಸರಿಗೆ ಮರುಳಾಗಿ ಹೋದವರು ಆರು ತಿಂಗಳೂ ಒಂದೇ ಸ್ಕ್ರೂ ಬಿಗಿಸುತ್ತ ಕೂರುವ ಅಪಾಯವೂ ಇದೆ. ಹಾಗಾಗದಂತೆ ನೋಡಿಕೊಳ್ಳುವ ಕೆಲಸ ಕಾರ್ಖಾನೆಯ ಗೇಟು ದಾಟುವ ಮೊದಲೇ ಮುಗಿದಿರಬೇಕು.

ಕಾಲೇಜಿನಲ್ಲಿ ಕೇಳಬೇಕಾದ್ದು

ಯುಜಿಸಿ ಇದನ್ನು ‘ಅಪ್ರೆಂಟಿಸ್‌ಷಿಪ್ ಒಳಗೊಂಡ ಪದವಿ’ ಎನ್ನುತ್ತದೆ. ಕಾಲೇಜುಗಳಲ್ಲಿ ಎಇಡಿಪಿ ಎಂದರೆ ಗೊತ್ತಾಗುತ್ತದೆ. ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್, ನಾಲ್ಕು ವರ್ಷದ್ದರಲ್ಲಿ ಎರಡರಿಂದ ನಾಲ್ಕು ಸೆಮಿಸ್ಟರ್ ಕಾರ್ಖಾನೆಯಲ್ಲಿ ಕಳೆಯಬಹುದು. ಒಂದು ವರ್ಷದ ತರಬೇತಿಗೆ ಕನಿಷ್ಠ 40 ಕ್ರೆಡಿಟ್. ಇದು ಪಠ್ಯಕ್ರಮದಲ್ಲೇ ಅಚ್ಚಾಗಿದೆಯೇ ಎಂದು ನೋಡಿ. ‘ಇಂಟರ್ನ್‌ಷಿಪ್ ಇದೆ, ಆಮೇಲೆ ಅಡ್ಜಸ್ಟ್ ಮಾಡ್ತೀವಿ’ ಎಂಬ ಬಾಯಿಮಾತನ್ನು ನಂಬಿ ಸೀಟು ಹಿಡಿಯಬೇಡಿ. ಪಠ್ಯಕ್ರಮದಲ್ಲಿ ಇಲ್ಲದ ತರಬೇತಿ ಅಂಕಪಟ್ಟಿಗೆ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಬ್ಯಾಕ್‌ಲಾಗ್‌ನದು. ಹಿಂದಿನ ಸೆಮಿಸ್ಟರಿನ ವಿಷಯ ಬಾಕಿ ಉಳಿದಿದ್ದರೆ ಪರೀಕ್ಷೆಯ ದಿನವೇ ಶಿಫ್ಟ್ ಬೀಳುವುದುಂಟು. ಪರೀಕ್ಷೆಗೆ ರಜೆ ಕೊಡುತ್ತಾರೆಯೇ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಲಿ.

ಪೋರ್ಟಲ್ ನೋಂದಣಿ: ಎಡವುವುದು ಇಲ್ಲೇ

ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ ಯೋಜನೆ) ಪೋರ್ಟಲಿನಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಳ್ಳಬೇಕು. ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ಅಪ್ರೆಂಟಿಸ್‌ಷಿಪ್ ತರಬೇತಿ ಮಂಡಳಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ವಿವರ, ಫೋಟೊ ಸಾಕು.

ತೊಡಕು ಎರಡು. ಮೊದಲನೆಯದು ಇನಿಶಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಕೆ.’, ಆಧಾರ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಎರಡೂ ಇಲ್ಲ. ನಮ್ಮಲ್ಲಿ ಇದು ಮನೆಮನೆಯ ಕಥೆ. ಮೂರನ್ನೂ ಮೊದಲೇ ಹೊಂದಿಸಿಕೊಳ್ಳಿ. ಎರಡನೆಯದು ಖಾತೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸರ್ಕಾರದ ಹಣ ಖಾತೆಗೆ ಬರುವುದಿಲ್ಲ. ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆಗೆ, ಆಧಾರ್ ಸೀಡಿಂಗ್ (ಜೋಡಣೆ) ಆಗಿರಬೇಕು. ‘ಲಿಂಕ್ ಆಗಿದೆಯಾ’ ಎಂದು ಕೇಳದೆ, ‘ಡಿಬಿಟಿಗೆ ಸೀಡ್ ಆಗಿದೆಯಾ’ ಎಂದೇ ಕೇಳಿ.

ಒಪ್ಪಂದ

ಕಾಲೇಜು, ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಹಾಕಬೇಕು. ಅದು ಪೋರ್ಟಲಿನಲ್ಲಿ ದಾಖಲಾದರೆ ಮಾತ್ರ ನೀವು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್. ದಾಖಲೆ ಇಲ್ಲದೆ ಉತ್ಪಾದನಾ ಲೈನಿನಲ್ಲಿ ಕೆಲಸಕ್ಕೆ ನಿಂತರೆ ಆ ದಿನಗಳು ಲೆಕ್ಕಕ್ಕಿಲ್ಲ.

2019ರ ನಿಯಮ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿತ್ತು. ನ್ಯಾಟ್ಸ್‌ನಲ್ಲಿ ಅದರ ಅರ್ಧ, 4,500 ರೂಪಾಯಿ, ಕೇಂದ್ರ ಸರ್ಕಾರದ ಪಾಲಾಗಿತ್ತು. ಸಹಿ ಹಾಕುವ ದಿನ ಪೋರ್ಟಲಿನಲ್ಲಿ ಆಗಿನ ದರ ನೋಡಿಕೊಳ್ಳಿ. ಕಂಪನಿ ಕನಿಷ್ಠಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಕಾನೂನಿನ ಕಣ್ಣಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವ. ಹಾಗಾಗಿ ಪಿಎಫ್, ಇಎಸ್‌ಐ ಸಿಗುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾತ್ರ ಕಂಪನಿಯದೇ. ಜ್ವರ ಬಂದು ಆಸ್ಪತ್ರೆ ಸೇರಿದರೆ ಖರ್ಚು ಯಾರದು ಎಂದು ಎಚ್‌ಆರ್ ಬಳಿ ಮೊದಲೇ ಕೇಳಿ. ಓಟಿ (ಹೆಚ್ಚುವರಿ ಅವಧಿಯ ಕೆಲಸ) ಮಾಡಿಸಲು ಕಾಯ್ದೆಯಡಿ ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಷಿಪ್ ಸಲಹೆಗಾರರ ಅನುಮತಿ ಬೇಕು. ‘ಎಲ್ಲರೂ ಮಾಡ್ತಾರೆ’ ಎಂಬುದು ಉತ್ತರವಲ್ಲ.

ಒಪ್ಪಂದದ ಜೊತೆ ತರಬೇತಿ ಯೋಜನೆಯ ಹಾಳೆಯನ್ನೂ ಕೇಳಿ ಪಡೆಯಿರಿ. ಆರು ತಿಂಗಳ ತರಬೇತಿಗೆ ನಮ್ಮ ಸಲಹೆ ಹೀಗೆ: ಸ್ಟೋರ್‌ನಲ್ಲಿ 2 ವಾರ, ಪೇಸ್ಟ್ ಪ್ರಿಂಟಿಂಗ್ (ಬೋರ್ಡಿಗೆ ಬೆಸುಗೆ ಪೇಸ್ಟ್ ಹಚ್ಚುವುದು) 4, ಬಿಡಿಭಾಗ ಕೂರಿಸುವ ಯಂತ್ರದಲ್ಲಿ 4, ರಿಫ್ಲೋ (ಓವನ್ನಿನಲ್ಲಿ ಪೇಸ್ಟ್ ಕರಗಿಸಿ ಬೆಸೆಯುವುದು) ಮತ್ತು ಎಒಐ (ಕ್ಯಾಮೆರಾ ಯಂತ್ರದ) ತಪಾಸಣೆ 5, ಕೈ ಬೆಸುಗೆ 3, ಟೆಸ್ಟಿಂಗ್ 6. ಉತ್ಪಾದನೆಯ ಒತ್ತಡ ಬಂದರೆ ಮೊದಲು ಕತ್ತರಿ ಬೀಳುವುದು ಟೆಸ್ಟಿಂಗ್‌ಗೆ. ನಿಮ್ಮ ಪಠ್ಯ ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅಲ್ಲೇ. ಅದನ್ನು ಬಿಟ್ಟುಕೊಡಬೇಡಿ.

ಲೈನಿನ ಮೇಲೆ

ಮೊದಲ ದಿನವೇ ಮಣಿಕಟ್ಟಿಗೆ ಕಟ್ಟುವ ರಿಸ್ಟ್ ಸ್ಟ್ರಾಪ್ ಕೊಡುತ್ತಾರೆ. ಅದರ ತಂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಮೈಮೇಲಿನ ಸ್ಥಿರವಿದ್ಯುತ್ತು ಮೆಲ್ಲಗೆ ಹರಿದುಹೋಗಬೇಕು, ಆಕಸ್ಮಿಕವಾಗಿ ವಿದ್ಯುತ್ತು ತಗುಲಿದರೂ ಜೀವಕ್ಕೆ ಅಪಾಯ ಆಗಬಾರದು ಎಂದು ಈ ಏರ್ಪಾಡು. ಅಂಗಿಯ ತೋಳಿನ ಮೇಲೆ ಕಟ್ಟಿದರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಬರಿ ಚರ್ಮಕ್ಕೆ ತಾಗಿರಬೇಕು.

ಇನ್ನು ಬೆಸುಗೆ ಪೇಸ್ಟ್. ಸಾಮಾನ್ಯವಾಗಿ ಬಳಸುವ ಸೀಸರಹಿತ ಪೇಸ್ಟ್‌ನ ಲೋಹದಲ್ಲಿ ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರ. ಫ್ರಿಜ್‌ನಲ್ಲಿಟ್ಟ ಡಬ್ಬಿಯನ್ನು ಹೊರತೆಗೆದು ಮುಚ್ಚಳ ತೆರೆಯದೆ ಸುಮಾರು 4 ಗಂಟೆ ಬಿಡಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪೇಸ್ಟಿನ ಮೇಲೆ ಹನಿಗಟ್ಟುತ್ತದೆ. ಓವನ್ನಿನಲ್ಲಿ ಆ ತೇವ ಆವಿಯಾಗಿ ಸಿಡಿದು, ಪೇಸ್ಟ್ ಬಿಡಿಭಾಗಗಳ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಗುಂಡುಗಳಾಗಿ ಕೂರುತ್ತದೆ. ಅಂಥ ಒಂದು ಗುಂಡು ಬಿಡಿಭಾಗದ ಎರಡು ಕಾಲುಗಳ ನಡುವೆ ಸಿಕ್ಕಿದರೆ ಶಾರ್ಟ್ ಸರ್ಕ್ಯೂಟ್.

ಈ ಪೇಸ್ಟ್ ಕರಗಲು ಶುರುವಾಗುವುದು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಓವನ್ನಿನಲ್ಲಿ ಬೋರ್ಡಿನ ಗರಿಷ್ಠ ಉಷ್ಣತೆಯನ್ನು ಸಾಮಾನ್ಯವಾಗಿ 235ರಿಂದ 250ರ ನಡುವೆ ಇಡುತ್ತಾರೆ. 0402 ಅಳತೆಯ ರೆಸಿಸ್ಟರ್ ಉದ್ದ 1 ಮಿಲಿಮೀಟರ್, ಅಗಲ ಅದರ ಅರ್ಧ. ಒಂದು ತುದಿಯ ಬೆಸುಗೆ ಮೊದಲು ಕರಗಿದರೆ ಅದರ ಮೇಲ್ಮೈ ಎಳೆತಕ್ಕೆ ಇನ್ನೊಂದು ತುದಿ ಮೇಲೇಳುತ್ತದೆ. ರೆಸಿಸ್ಟರ್ ವೀರಗಲ್ಲಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಲೈನಿನಲ್ಲಿ ಇದಕ್ಕೆ ಟೂಂಬ್‌ಸ್ಟೋನ್ ಎನ್ನುತ್ತಾರೆ. ಓವನ್ ಆಪರೇಟರನ್ನು ದೂರುವ ಮೊದಲು ಮೂರು ವಿಷಯ ನೋಡಿ: ಎರಡೂ ಪ್ಯಾಡಿಗೆ (ಬಿಡಿಭಾಗ ಕೂರುವ ಬೋರ್ಡಿನ ತಾಮ್ರದ ತಾಣ) ಪೇಸ್ಟ್ ಸಮ ಬಿದ್ದಿದೆಯೇ, ರೆಸಿಸ್ಟರ್ ಓರೆಯಾಗಿ ಕೂತಿದೆಯೇ, ಒಂದು ಪ್ಯಾಡ್ ಮಾತ್ರ ಅಗಲವಾದ ತಾಮ್ರದ ಹಾಳೆಗೆ ಸೇರಿಕೊಂಡಿದೆಯೇ. ಕೊನೆಯದಾದರೆ ಆ ಕಡೆ ತಡವಾಗಿ ಬಿಸಿಯಾಗುತ್ತದೆ. ಅದು ವಿನ್ಯಾಸದ ತಪ್ಪು, ಲೈನಿನದಲ್ಲ.

ಐಸಿಗಳ (ಚಿಪ್‌ಗಳ) ಪೊಟ್ಟಣದ ಮೇಲೆ ತೇವಕ್ಕೆ ಎಷ್ಟು ಸೂಕ್ಷ್ಮ ಎಂದು ಹೇಳುವ ‘ಎಂಎಸ್‌ಎಲ್ 3’ ಎಂದಿದ್ದರೆ, ತೆರೆದ ಮೇಲೆ 30 ಡಿಗ್ರಿ, ಶೇ 60 ತೇವಾಂಶದ ಮಿತಿಯೊಳಗೆ 168 ಗಂಟೆಯಲ್ಲಿ ಬಳಸಬೇಕು. ತೆರೆದ ಸಮಯ ಬರೆದಿಡದಿದ್ದರೆ ಲೆಕ್ಕ ತಪ್ಪಿಹೋಗುತ್ತದೆ. ಒಳಸೇರಿದ ತೇವ ಓವನ್ನಿನಲ್ಲಿ ಆವಿಯಾಗಿ ಐಸಿಯ ಕವಚವನ್ನೇ ಸೀಳುತ್ತದೆ. ಆ ಬಿರುಕು ಕೆಲವೊಮ್ಮೆ ಕಣ್ಣಿಗೂ ಕಾಣದು, ಟೆಸ್ಟ್‌ನಲ್ಲೂ ಸಿಗದು. ಗ್ರಾಹಕರ ಕೈಯಲ್ಲಿ ಕೆಟ್ಟ ಮೇಲಷ್ಟೇ ಗೊತ್ತಾಗುತ್ತದೆ.

ಲಾಗ್‌ಬುಕ್

‘ಇಂದು ರಿಫ್ಲೋ ನೋಡಿದೆ’ ಎಂದು ಬರೆದರೆ ಮೌಲ್ಯಮಾಪಕರು ಪುಟ ತಿರುಗಿಸಿ ಮುಂದೆ ಹೋಗುತ್ತಾರೆ. ದಿನಾಂಕ, ಸ್ಟೇಷನ್, ಕಂಡ ದೋಷ, ಎಷ್ಟು ಬೋರ್ಡಿನಲ್ಲಿ, ಕಾರಣ, ಏನು ಬದಲಿಸಿದರು, ಬದಲಿಸಿದ ಮೇಲೆ ಏನಾಯಿತು: ಇಷ್ಟಿರಲಿ. ಬೋರ್ಡಿನ ಫೋಟೊ ತೆಗೆಯಬೇಡಿ, ಗ್ರಾಹಕ ಕಂಪನಿಯ ಹೆಸರು ಬರೆಯಬೇಡಿ. ಗೋಪ್ಯತೆಯ ಷರತ್ತಿಗೆ ಸಹಿ ಹಾಕಿರುತ್ತೀರಿ. ಕೈಯಲ್ಲಿ ಗೆರೆ ಎಳೆದು ಚಿತ್ರ ಬಿಡಿಸಿದರೆ ಸಾಕು. ಸೂಪರ್‌ವೈಸರ್ ಸಹಿಯನ್ನು ವಾರಕ್ಕೊಮ್ಮೆ ಹಾಕಿಸಿ. ಕೊನೆಯ ವಾರ ಒಟ್ಟಿಗೆ ಹಾಕಿಸಿದರಾಯಿತು ಎಂದುಕೊಂಡರೆ, ಅಷ್ಟರಲ್ಲಿ ಅವರು ಬೇರೆ ಶಿಫ್ಟಿಗೋ ಬೇರೆ ಕಂಪನಿಗೋ ಹೋಗಿರುತ್ತಾರೆ.