ರಾಗಿ ಮೊಳೆಯಿತು, ಮಣಿ ಉದುರಿತು: ಎದೆ ಪ್ಯಾಡು ಹೊಲಿದ ನನ್ನ ಅನುಭವ

ಕಟೋರಿ ಬ್ಲೌಸ್ (ಎದೆಗೆ ಬಟ್ಟಲಿನಾಕಾರದ ತುಂಡು ಜೋಡಿಸುವ ಬ್ಲೌಸ್) ಹೊಲಿಯಲು ಕೈ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟೇಪು ಹಿಡಿಯುವುದು, ಬಟ್ಟೆಯನ್ನು ಕ್ರಾಸ್, ಅಂದರೆ ಓರೆ ಇಟ್ಟು ಕತ್ತರಿಸುವುದು ನಿಮಗೆ ಗೊತ್ತೇ ಇರುತ್ತದೆ. ನಾನು ಹೇಳಬೇಕಿರುವುದು ಬೇರೆ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಹೆಂಗಸರಿಗೆ ಎರಡೂ ಕಡೆ ಒಂದೇ ಥರ ಕಾಣುವ ಹಾಗೆ ಪ್ಯಾಡು, ಬ್ಲೌಸು ಎರಡನ್ನೂ ನಾನು ಹೊಲಿಯುತ್ತೇನೆ. ಇಲ್ಲಿವರೆಗೆ 140 ಜನಕ್ಕೆ ಹೊಲಿದಿರಬಹುದು. ದಾವಣಗೆರೆಯ ನನ್ನ ಸಣ್ಣ ಅಂಗಡಿಗೆ ಚಿತ್ರದುರ್ಗ, ಹಾವೇರಿಯಿಂದೆಲ್ಲ ಹುಡುಕಿಕೊಂಡು ಬರುತ್ತಾರೆ. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳಿಕೊಂಡೆ.

ಶುರುವಾಗಿದ್ದು ನಮ್ಮ ಅತ್ತಿಗೆಯಿಂದ. ಏಳು ವರ್ಷದ ಹಿಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಡಗಡೆ ಪೂರ್ತಿ ತೆಗೆದರು. ಕೀಮೋ, ರೇಡಿಯೇಷನ್ ಮುಗಿಸಿ ಊರಿಗೆ ಬಂದ ಮೇಲೆ ಸೆರಗನ್ನು ಎರಡು ಹೆಗಲಿಗೂ ಹೊದ್ದುಕೊಂಡೇ ಓಡಾಡುತ್ತಿದ್ದರು. ಬ್ಲೌಸಿನೊಳಗೆ ಕರ್ಚೀಫು ಮಡಚಿ ಇಟ್ಟುಕೊಳ್ಳುತ್ತಿದ್ದರು. ಸಿಲಿಕಾನ್ ಪ್ಯಾಡು ವಿಚಾರಿಸಿದೆವು. ಆಗಲೇ ಆರು ಸಾವಿರದ ಮೇಲೆ ಹೇಳಿದರು. ಅಣ್ಣ ತರಲು ತಯಾರಿದ್ದ. ಅತ್ತಿಗೆ ಮಾತ್ರ, "ಆ ದುಡ್ಡಲ್ಲಿ ಹುಡುಗಿ ಫೀಸು ಕಟ್ಟಬಹುದು, ಬಿಡು" ಅಂದುಬಿಟ್ಟರು.

ನಾನು ಹೊಲಿಯುತ್ತೇನೆ ಅಂದೆ. ನಮ್ಮ ಮನೆಯವರು ನಕ್ಕರು. "ಮಂಡಕ್ಕಿ ತುಂಬು, ಹಗುರ ಇರುತ್ತೆ" ಅಂದರು. ದಾವಣಗೆರೆಯವರಿಗೆ ಎಲ್ಲದಕ್ಕೂ ಮಂಡಕ್ಕಿಯೇ. ಬೀದಿ ಕೊನೆಯ ಟೈಲರ್ ಮಾಸ್ಟರು, "ಅದು ಡಾಕ್ಟರ್ ಕೆಲಸ ಕಣಮ್ಮ. ಬಟ್ಟೆಯಲ್ಲಿ ಮಾಡಿದ್ದು ಎದೆ ಮೇಲೆ ನಿಲ್ಲಲ್ಲ" ಅಂದರು. ಮೊದಲ ವರ್ಷದ ಮಟ್ಟಿಗೆ ಅವರ ಮಾತೇ ನಿಜವಾಯಿತು.

ಮೊದಲು ಮಾಡಿದ್ದು ಸ್ಪಂಜಿನದು. ಕಪ್ ಬ್ಲೌಸಿಗೆ ಹಾಕುವ ಅದೇ ಸ್ಪಂಜು, ನಾಲ್ಕು ಪದರ. ಕನ್ನಡಿ ಮುಂದೆ ನಿಂತರೆ ಬಹಳ ಚೆನ್ನಾಗಿತ್ತು. ಅತ್ತಿಗೆ ಅಟ್ಟದಿಂದ ಡಬ್ಬ ಇಳಿಸಲು ಕೈ ಎತ್ತಿದರು. ಪ್ಯಾಡು ಕುತ್ತಿಗೆ ಮೂಳೆ ಹತ್ತಿರ ಹೋಗಿ ಕೂತಿತು. ಕೈ ಇಳಿಸಿದರೂ ಅದು ಇಳಿಯಲಿಲ್ಲ. ತೂಕ ಇಲ್ಲದ್ದು ಮೇಲೆ ಹತ್ತುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬರೀ ಆಕಾರ ತಿದ್ದುತ್ತಾ ಕೂತಿದ್ದೆ.

ತೂಕಕ್ಕೆ ಏನು ಹಾಕುವುದು? ಕೂಸಿನ ತಲೆ ದುಂಡಗಾಗಲಿ ಅಂತ ರಾಗಿ ದಿಂಬು ಮಾಡುತ್ತೇವಲ್ಲ, ಅದು ನೆನಪಾಯಿತು. ರಾಗಿ ತಂಪು, ಮೆತ್ತಗೆ ಒತ್ತಿದ ಕಡೆ ಒತ್ತಿಕೊಳ್ಳುತ್ತದೆ. ಬನಿಯನ್ ಬಟ್ಟೆಯ ಚೀಲಕ್ಕೆ ತುಂಬಿದೆ. ಎಷ್ಟು ತುಂಬಬೇಕು ಅಂತ ನೋಡಲು ಅತ್ತಿಗೆಯ ಬ್ರಾ ಕಪ್ಪಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಕ್ಕಿ ಸುರಿದು ಅಳೆದೆ. ಎರಡು ಪಾವಿಗೆ ಸ್ವಲ್ಪ ಕಡಿಮೆ ಬಂತು. ಇವತ್ತಿಗೂ ನನ್ನ ಪುಸ್ತಕದಲ್ಲಿ ಎಲ್ಲರ ಅಳತೆ ಪಾವು, ಅರೆಪಾವಿನಲ್ಲೇ ಇದೆ. ಮಿಲಿ ಲೀಟರು ಕೇಳಿದರೆ ನನಗೆ ಬಾರದು.

ಎರಡು ವಾರ ಅತ್ತಿಗೆ ಖುಷಿಯಾಗಿದ್ದರು. ಆಮೇಲೆ ಒಂದು ದಿನ ಅದನ್ನು ಒಗೆದುಬಿಟ್ಟರು. ಒಗೆಯಬೇಡಿ ಅಂತ ಹೇಳಿದ್ದೆ. ಬೇಸಿಗೆ, ಬೆವರು, ತಡೆಯಲಾಗಲಿಲ್ಲವಂತೆ. ಹೊರಗೆ ತಂತಿ ಮೇಲೆ ಹಾಕಲು ನಾಚಿಕೆ. ಬಚ್ಚಲ ಮನೆಯಲ್ಲಿ ಟವೆಲ್ ಕೆಳಗೆ ಮುಚ್ಚಿ ಒಣಹಾಕಿದ್ದಾರೆ. ಮೂರನೇ ದಿನ ಬೆಳಿಗ್ಗೆ ಅಂಗಡಿಗೇ ಬಂದರು. ಕೈಚೀಲದಿಂದ ಪ್ಯಾಡು ತೆಗೆದು ನನ್ನ ಮಿಷಿನ್ ಮೇಲೆ ಇಟ್ಟರು. ಬನಿಯನ್ ಬಟ್ಟೆಯ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತಿದ್ದವು. "ನೋಡೇ, ನಿನ್ನ ಬೆಳೆ ಬಂದಿದೆ" ಅಂದರು. ಆಮೇಲೆ ನಗು ಶುರುವಾಯಿತು. ಸ್ಟೂಲ್ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ದಿನ ನಾನು ಹೆದರಿಕೊಂಡು ಮೆತ್ತಗೆ ಮಾತಾಡುತ್ತಿದ್ದೆ. ಅವತ್ತಿಂದ ಸುಮ್ನೆ ಬ್ಲೌಸ್ ಗಿರಾಕಿ ಥರವೇ ಜಗಳ ಆಡಿಕೊಂಡು ಅಳತೆ ತಗೊಂಡೆ.

ಆಮೇಲೆ ಸಾಸಿವೆ. ಚೆನ್ನಾಗಿ ಜಾರಿ ಕೆಳಗೆ ಕೂರುತ್ತದೆ, ಆಕಾರ ಅಸಲಿ ಥರ ಬರುತ್ತದೆ. ಆದರೆ ನಡೆದರೆ ಸರಸರ ಸದ್ದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಅತ್ತಿಗೆಗೆ ಅದೇ ಕೇಳಿಸುತ್ತಿತ್ತಂತೆ. ಎಣ್ಣೆ ಕಲೆ ಬೇರೆ. ಸೈಕಲ್ ಅಂಗಡಿಯ ಸಣ್ಣ ಬೇರಿಂಗ್ ಗುಂಡು ಹಾಕಿ ನೋಡಿದೆ, ತುಕ್ಕು ಹಿಡಿದು ಒಂದು ಮೈಸೂರು ಸಿಲ್ಕ್ ಬ್ಲೌಸ್ ಹಾಳಾಯಿತು. ಅದರ ದುಡ್ಡು ನಾನೇ ಕೊಟ್ಟೆ. ಕ್ರೋಶಾದಲ್ಲಿ ಹೆಣೆದೂ ನೋಡಿದೆ. ಅಮೆರಿಕದಲ್ಲಿ ನಿಟೆಡ್ ನಾಕರ್ಸ್ ಅನ್ನುವ ಗುಂಪು ಹೀಗೆ ನೂಲಿನಲ್ಲಿ ಹೆಣೆದು ಉಚಿತವಾಗಿ ಕೊಡುತ್ತದೆ, ನಮ್ಮ ದೇಶದಲ್ಲೂ ಹೆಣೆದು ಕೊಡುವವರಿದ್ದಾರೆ. ಒಳ್ಳೆಯ ಕೆಲಸ, ಚರ್ಮಕ್ಕೂ ಹಿತ. ನನಗೆ ಮಾತ್ರ ಒಂದು ಹೆಣೆಯಲು ಎರಡು ಸಂಜೆ ಬೇಕಾಯಿತು. ಹೊಟ್ಟೆಪಾಡು ನೋಡಬೇಕಲ್ವಾ?

ಕೊನೆಗೆ ಕೆಲಸಕ್ಕೆ ಬಂದಿದ್ದು ಆರಿ ವರ್ಕಿನ, ಅಂದರೆ ಬ್ಲೌಸ್ ಕಸೂತಿಗೆ ಹಾಕುವ ಗಾಜಿನ ಮಣಿ. ಬೆಂಗಳೂರಿನ ಚಿಕ್ಕಪೇಟೆಯಿಂದ ಕೆಜಿ ಲೆಕ್ಕದಲ್ಲಿ ತರಿಸುತ್ತೇನೆ. ತೊಳೆಯಬಹುದು, ಹುಳ ಬೀಳದು, ಮೊಳೆಯದು! ಪೂರ್ತಿ ಮಣಿ ತುಂಬಿದರೆ ಕಲ್ಲು ಕಟ್ಟಿಕೊಂಡ ಹಾಗೆ. ಹಾಗಾಗಿ ಮೇಲೆಲ್ಲ ದಿಂಬಿನ ಫೈಬರ್ ಹತ್ತಿ, ಒಳಗೆ ಸಣ್ಣ ಮಣಿ ಚೀಲ. ಅಸಲಿ ತೂಕದಷ್ಟೇ ಹಾಕಲು ಹೋಗಿ ಕೆಟ್ಟೆ. ಅಸಲಿಯದು ಮೈಗೆ ಅಂಟಿಕೊಂಡಿರುತ್ತದೆ, ಇದು ಬ್ರಾ ಪಟ್ಟಿಯಲ್ಲಿ ನೇತಾಡುತ್ತದೆ. ಹೆಗಲು ಕೊಯ್ಯುತ್ತದೆ. ಮೂರರಲ್ಲಿ ಎರಡು ಪಾಲು ತೂಕ ಸಾಕು. ಮಣಿ ಚೀಲವನ್ನು ಎಲ್ಲಿ, ಎಷ್ಟು ಓರೆಯಾಗಿ ಕೂರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎರಡು ವರ್ಷ ಕಳೆದು ಕಲಿತದ್ದು ಅದೊಂದೇ. ನೀವೂ ಒಂದು ಹತ್ತು ಪ್ಯಾಡು ಕೆಡಿಸಿ, ಗೊತ್ತಾಗುತ್ತದೆ.

ಮಣಿಯಲ್ಲೂ ಒಮ್ಮೆ ಮರ್ಯಾದೆ ಹೋಯಿತು. ಹರಿಹರದ ಒಬ್ಬ ಟೀಚರಿಗೆ ಹೊಲಿದುಕೊಟ್ಟಿದ್ದೆ. ಒಂಟಿ ಹೊಲಿಗೆ ಹಾಕಿದ್ದೆ, ಬುದ್ಧಿ ಇಲ್ಲ. ಅವರು ಮದುವೆ ಛತ್ರದಲ್ಲಿ ಊಟಕ್ಕೆ ಕೂತಾಗ ಚೀಲ ಬಿಚ್ಚಿ ಮಣಿ ಬಾಳೆಲೆ ಪಕ್ಕ ಉದುರಲು ಶುರುವಾಯಿತು. ಪಕ್ಕದವರು, "ಅಯ್ಯೋ, ಸರ ಹರೀತಾ?" ಅಂತ ಬಗ್ಗಿ ಆರಿಸತೊಡಗಿದರಂತೆ. ಟೀಚರು ಹೌದು ಅಂದರಂತೆ. ಮಾರನೇ ದಿನ ಮಣಿಯನ್ನೆಲ್ಲ ಪೊಟ್ಟಣ ಕಟ್ಟಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಈಗ ಎರಡು ಚೀಲ, ಒಂದರೊಳಗೊಂದು, ಒಂದೊಂದಕ್ಕೂ ಜೋಡಿ ಹೊಲಿಗೆ.

ದುಡ್ಡಿನ ಲೆಕ್ಕ. ಮೊದಲ ಎರಡು ವರ್ಷದಲ್ಲಿ ಬಟ್ಟೆ, ಮಣಿ, ಹಾಳಾದ ಬ್ಲೌಸು ಎಲ್ಲ ಸೇರಿ ಒಂಬತ್ತು ಸಾವಿರ ಕೈಬಿಟ್ಟಿರಬೇಕು. ಈಗ ಒಂದು ಪ್ಯಾಡಿಗೆ ಸಾಮಾನು 130-140 ರೂಪಾಯಿ ಬೀಳುತ್ತದೆ. 450 ತಗೊಳ್ಳುತ್ತೇನೆ. ಅವರದೇ ಬ್ರಾ ಒಳಗೆ ಜೇಬು ಹೊಲಿಯಲು 80. ಕಷ್ಟದಲ್ಲಿರುವವರ ಹತ್ತಿರ ಸಾಮಾನಿನ ದುಡ್ಡು ಮಾತ್ರ. ನಿಜವಾದ ಲಾಭ ಪ್ಯಾಡಿನಲ್ಲಿ ಇಲ್ಲ, ಅದರ ಜೊತೆ ಬರುವ ಬ್ಲೌಸಿನಲ್ಲಿದೆ. ಇದು ಗಟ್ಟಿಯಾಗಿ ಹೇಳುವ ಮಾತಲ್ಲ, ಆದರೆ ನೀವೂ ಅಂಗಡಿ ಬಾಡಿಗೆ ಕಟ್ಟುವವರೇ.

ಒಂದು ಎಚ್ಚರ. ಗಾಯ ಹಸಿ ಇರುವಾಗ ಮಣಿ ಪ್ಯಾಡು ಕೊಡಬೇಡಿ. ಆರರಿಂದ ಎಂಟು ವಾರ ಬರೀ ಹತ್ತಿಯ ಹಗುರ ಪ್ಯಾಡು, ಅದೂ ಡಾಕ್ಟರು ಒಪ್ಪಿದ ಮೇಲೆ. ರೇಡಿಯೇಷನ್ ಆದ ಚರ್ಮ ಕಪ್ಪಾಗಿ, ತೆಳ್ಳಗಾಗಿರುತ್ತದೆ. ಅದರ ಮೇಲೆ ಹೊಲಿಗೆಯ ಗಂಟು ಬರಬಾರದು. ಮಾರ್ಜಿನ್, ಅಂದರೆ ಹೊಲಿಗೆ ಪಕ್ಕ ಬಿಡುವ ಹೆಚ್ಚಿನ ಬಟ್ಟೆ, ಎಲ್ಲ ಹೊರಗಡೆಗೆ ಇರಲಿ. ಆ ಕಡೆ ತೋಳು ಬಿಗಿ ಮಾಡಲೇಬೇಡಿ. ಕಂಕುಳ ಗಂಟು ತೆಗೆದವರಲ್ಲಿ ಕೆಲವರಿಗೆ ಕೈ ಊದುತ್ತದೆ, ಸಂಜೆಗೆ ಜಾಸ್ತಿ. ಅದಕ್ಕೆ ನಾನು ಅವರನ್ನು ಸಂಜೆಯೇ ಬರಹೇಳುತ್ತೇನೆ, ಎರಡೂ ತೋಳು ಬೇರೆ ಬೇರೆ ಅಳೆಯುತ್ತೇನೆ. ಒಬ್ಬರಿಗೆ ಅಳತೆ ತಗೊಳ್ಳುವಾಗ ಗಾಯದ ಹತ್ತಿರ ಕೆಂಪಗೆ ಸಣ್ಣ ಗಂಟು ಕಂಡಿತು. ಬ್ಲೌಸ್ ಆಮೇಲೆ ಅಂತ ಅವತ್ತೇ ಆಸ್ಪತ್ರೆಗೆ ಕಳಿಸಿದೆ.

ಈಗೀಗ ತೆಗೆದ ಎದೆಯ ಜಾಗದಲ್ಲಿ ಆಪರೇಷನ್ನಿನಲ್ಲೇ ಹೊಸ ಎದೆ ಕಟ್ಟಿಸಿಕೊಂಡವರೂ ಬರುತ್ತಾರೆ. ಪ್ಯಾಡು ಬೇಡ, ಬ್ಲೌಸು ಬೇಕು. ಇಲ್ಲಿ ನನಗೆ ಹೊಸ ಪಾಠ ಶುರುವಾಯಿತು. ಯಾವ ಥರದ ಆಪರೇಷನ್ ಅಂತ ಕೇಳದೆ ಕತ್ತರಿ ಹಿಡಿಯಬೇಡಿ.

ಬೆನ್ನಿನ ಮಾಂಸಖಂಡ ಮುಂದಕ್ಕೆ ತಂದು ಕಟ್ಟಿದವರಿಗೆ ಬೆನ್ನ ಮೇಲೆ ಉದ್ದ ಗಾಯದ ಗೆರೆ. ಡೀಪ್ ನೆಕ್ ಕೇಳಿದರೆ ಮೊದಲು ಗೆರೆ ಎಲ್ಲಿದೆ ನೋಡಿ. ಒಬ್ಬ ಅಕ್ಕ ಸೊಂಟಕ್ಕೆ ಕೈ ಒತ್ತಿ, "ನೋಡು" ಅಂದರು. ಹೊಸ ಎದೆ ಕುಣಿಯಿತು. ಬೆನ್ನಿನ ಖಂಡ ಅಲ್ವಾ, ಹಳೇ ಕೆಲಸ ಮರೆತಿಲ್ಲ. ಹೊಟ್ಟೆಯ ಕೊಬ್ಬಿನಿಂದ ಕಟ್ಟಿದವರಿಗೆ ಎದೆ ಮೆತ್ತಗೆ ಅಸಲಿಯಂತೆಯೇ ಇರುತ್ತದೆ. ದಪ್ಪಗಾದರೆ ಅದೂ ದಪ್ಪಗಾಗುತ್ತದೆ, ಹೊಟ್ಟೆಯದೇ ಕೊಬ್ಬು ತಾನೆ. ಆದರೆ ಕೆಳಹೊಟ್ಟೆಯಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಗಾಯ. ಲಂಗದ ಲಾಡಿ ಅದರ ಮೇಲೇ ಬಂದು ಕೊರೆಯುತ್ತದೆ. ಲಾಡಿ ತೆಗೆದು ನಾಲ್ಕು ಬೆರಳಗಲ ಮೆತ್ತನೆ ಪಟ್ಟಿ, ಪಕ್ಕದಲ್ಲಿ ಹುಕ್ಕು ಹಾಕಿಕೊಡುತ್ತೇನೆ. ಈ ಲಂಗ ಈಗ ಸಿಸೇರಿಯನ್ ಆದವರೂ ಕೇಳುತ್ತಿದ್ದಾರೆ.

ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಕೃತಕ ಚೀಲ, ಹಾಕಿಸಿಕೊಂಡವರದೇ ಕಷ್ಟ. ಅದು ಹಾಕಿದ ಜಾಗದಲ್ಲೇ ನಿಂತಿರುತ್ತದೆ, ಇನ್ನೊಂದು ಕಡೆಯದು ವಯಸ್ಸಿಗೆ ತಕ್ಕ ಹಾಗೆ ಇಳಿಯುತ್ತಾ ಹೋಗುತ್ತದೆ. ರೇಡಿಯೇಷನ್ ಆಗಿದ್ದರೆ ಕೆಲವರಿಗೆ ಗಟ್ಟಿಯಾಗಿ ಇನ್ನೂ ಮೇಲೇರುತ್ತದೆ. ಒಬ್ಬರಿಗೆ ಎರಡು ಕಡೆ ಡಾಟಿನ (ಎದೆಯ ಉಬ್ಬಿಗೆ ಬಟ್ಟೆ ಮಡಚಿ ಹಾಕುವ ಹೊಲಿಗೆ) ತುದಿಯಲ್ಲಿ ಒಂದೂಕಾಲು ಇಂಚು ವ್ಯತ್ಯಾಸ ಇತ್ತು. ಒಂದೇ ಪೇಪರ್ ಕಟಿಂಗ್ ಮಡಚಿ ಎರಡೂ ಕತ್ತರಿಸುವ ಅಭ್ಯಾಸ ಬಿಡಬೇಕು. ಎಡಕ್ಕೊಂದು, ಬಲಕ್ಕೊಂದು, ಇಬ್ಬರು ಬೇರೆ ಹೆಂಗಸರಿಗೆ ಕತ್ತರಿಸಿದ ಹಾಗೆ. ಹೊರಗಿನ ಬಟ್ಟೆಯಲ್ಲಿ ಡಾಟು ಸಮ ಕಾಣಬೇಕು, ವ್ಯತ್ಯಾಸವನ್ನೆಲ್ಲ ಲೈನಿಂಗ್ ನುಂಗಬೇಕು. ಅದು ಹೇಗೆ ಅಂತ ಕೇಳಬೇಡಿ, ಅದೂ ನನ್ನದೇ.

ಗಡ್ಡೆ ಮಾತ್ರ ತೆಗೆದು, ಎರಡೂ ಕಡೆ ಸಣ್ಣ ಮಾಡಿ ಸಮ ಮಾಡಿಸಿಕೊಂಡವರು ನನಗೆ ಹಬ್ಬ. ಬ್ಲೌಸ್ ಸುಲಭ, ಮೇಲಾಗಿ ಬೀರುವಿನಲ್ಲಿರುವ ಹಳೆಯದೆಲ್ಲ ಸಡಿಲ. ಒಬ್ಬರು ಒಟ್ಟಿಗೆ 22 ಬ್ಲೌಸ್ ಆಲ್ಟರ್‌ಗೆ ತಂದಿದ್ದರು. ಮೈಯ ಬೇರೆ ಕಡೆಯ ಕೊಬ್ಬು ತೆಗೆದು ಇಂಜೆಕ್ಷನ್ನಿನಲ್ಲಿ ಎದೆಗೆ ತುಂಬಿಸಿಕೊಳ್ಳುವವರಿಗೆ ಮಾತ್ರ ಅವಸರ ಪಡಬೇಡಿ. ತುಂಬಿದ್ದರಲ್ಲಿ ಒಂದು ಪಾಲು ಮೈಯೇ ಕರಗಿಸಿಕೊಳ್ಳುತ್ತದೆ. ನನಗದು ಗೊತ್ತಿರಲಿಲ್ಲ. ಹದಿನೈದನೇ ದಿನಕ್ಕೇ ರೇಷ್ಮೆ ಬ್ಲೌಸ್ ಹೊಲಿದೆ, ನಾಲ್ಕನೇ ತಿಂಗಳಿಗೆ ಬಲಗಡೆ ಜೋಲು ಬಿತ್ತು. ಬಿಚ್ಚಿ ಪುಕ್ಕಟೆ ಹೊಲಿದುಕೊಟ್ಟೆ. ಅವರು ಇನ್ನೊಮ್ಮೆ ತುಂಬಿಸಿಕೊಂಡರು. ಮತ್ತೆ ಬಿಚ್ಚಿದೆ.

ಅತ್ತಿಗೆಗೂ ಕೇಳಿದೆ, ನೀವೂ ಕಟ್ಟಿಸಿಕೊಳ್ಳಬಹುದಂತಲ್ಲ, ವರ್ಷಗಳ ಮೇಲೂ ಮಾಡುತ್ತಾರಂತೆ ಅಂತ. "ಇನ್ನೊಂದು ಸಲ ಆ ಟೇಬಲ್ ಮೇಲೆ ಮಲಗಲ್ಲ ಕಣೇ. ನಿನ್ನ ಮಣಿಯೇ ಇರಲಿ" ಅಂದರು. ಕಳೆದ ಯುಗಾದಿಗೆ ಅವರ ಮನೆಗೆ ಹೋಗಿದ್ದೆ. ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ಎರಡೂ ಕೈ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಕೈ ಇಳಿಸಿದ ಮೇಲೆ ಒಮ್ಮೆಯೂ ಎದೆ ಕಡೆ ನೋಡಿಕೊಳ್ಳಲಿಲ್ಲ. ನಾನು ಮಾತ್ರ ನೋಡಿದೆ. ಒಂದಿಂಚೂ ಸರಿದಿರಲಿಲ್ಲ. ಬೀದಿ ಕೊನೆಯ ಮಾಸ್ಟರು ಈಗ ಇಂಥ ಗಿರಾಕಿ ಬಂದರೆ ನನ್ನ ಹತ್ತಿರ ಕಳಿಸುತ್ತಾರೆ. ಕಮಿಷನ್ ಕೇಳಿದ್ದರು, ಕೊಡಲಿಲ್ಲ.

ಸದ್ಯ ಮಿಷಿನ್ ಮೇಲಿರುವುದು ಒಂದು ಇಳಕಲ್ ಸೀರೆಯ ಖಣದ ಬ್ಲೌಸು. ಆ ಗಿರಾಕಿಯ ಎದೆಯೊಳಗೆ ಡಾಕ್ಟರು ಖಾಲಿ ಚೀಲದಂಥದ್ದು ಇಟ್ಟಿದ್ದಾರೆ. ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಅದಕ್ಕೆ ಸೂಜಿಯಿಂದ ಸಲೈನ್ ತುಂಬಿ ಚರ್ಮ ಹಿಗ್ಗಿಸುತ್ತಿದ್ದಾರೆ. ಆಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತಾರಂತೆ. ಪ್ರತಿ ಸಲವೂ ಅಳತೆ ಬೇರೆ. ಮಗನ ಮದುವೆ ಇದೆ, ಕಾಯಲು ಆಗದು. ಬಲಗಡೆ ಕಟೋರಿ ಪೂರ್ತಿ ಹೊಲಿದಿದ್ದೇನೆ. ಎಡಗಡೆ ಎರಡಿಂಚು ಮಾರ್ಜಿನ್ ಬಿಟ್ಟು ಕಚ್ಚಾ ಹೊಲಿಗೆ ಹಾಕಿ ಇಟ್ಟಿದ್ದೇನೆ. ಸೋಮವಾರ ಆಸ್ಪತ್ರೆಯಿಂದ ಸೀದಾ ಅಂಗಡಿಗೆ ಬರುತ್ತಾರೆ.